ಹೊಳೆ ಸುದ್ದಿಯ ಅಕ್ಕೋರು

ಅಕ್ಕೋರು ತೀರಿಕೊಂಡ ಮೇಲೆ ಶಾಲೆಯಲ್ಲಿ ಒಂದು ಸಭೆ ಮಾಡಿದೆವು. ಮಾತಾಡಿದವರೆಲ್ಲ ಅವರನ್ನು ಗಟ್ಟಿಗಿತ್ತಿ, ಧೈರ್ಯವಂತೆ ಎಂದು ಹೊಗಳಿದರು. ನಾನು ಹಿಂದಿನ ಬೆಂಚಿನಲ್ಲಿ ಕೂತು ಕೇಳಿದೆ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು, ನಿಜ. ಆದರೆ ಅದಕ್ಕೂ ಒಂದು ಮಿತಿ ಬೇಡವೇ? ಒಂದೇ ಸ್ಟಾಫ್ ರೂಮಿನಲ್ಲಿ ವರ್ಷಗಟ್ಟಲೆ ಅವರ ಎದುರಿನ ಕುರ್ಚಿಯಲ್ಲಿ ಕೂತವನು ನಾನು. ಅವರಷ್ಟು ಅಂಜುವ ಇನ್ನೊಬ್ಬ ಮನುಷ್ಯರನ್ನು ನಾನು ಕಂಡಿಲ್ಲ. ನನಗೂ ಅಂಜುವುದನ್ನು ಕಲಿಸಿದವರು ಅವರೇ. ನಾನು ಕಲಿಯುವ ಹೊತ್ತಿಗೆ ತಡವಾಗಿತ್ತು, ಅದರ ಪೆಟ್ಟು ತಿಂದವಳು ಬೇರೆಯವಳು.

ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನು ಅಕ್ಕೋರು ಎನ್ನುತ್ತೇವೆ. ಅವರು ಗಣಿತ ಹೇಳುತ್ತಿದ್ದರು, ನಾನು ಕನ್ನಡ. ಊರು ಕಾಗವಾಡ ತಾಲೂಕಿನಲ್ಲಿ ಕೃಷ್ಣೆಯ ದಂಡೆಗೆ ಅಂಟಿಕೊಂಡಿದೆ. ಅಕ್ಕೋರಿಗೆ ಮದುವೆಯಾಗಿರಲಿಲ್ಲ, ಬಸದಿಯ ಪಕ್ಕದ ಸಣ್ಣ ಮನೆಯಲ್ಲಿ ಒಬ್ಬರೇ ಇದ್ದರು. ಸದಲಗಾದಲ್ಲಿ ಒಬ್ಬ ತಂಗಿ. ಜೈನರ ಮನೆತನ, ಹೀಗಾಗಿ ಹೊತ್ತು ಮುಳುಗುವ ಮುಂಚೆ ಊಟ ಮುಗಿಯಬೇಕು, ನೀರು ಬಟ್ಟೆಯಲ್ಲಿ ಸೋಸಿದ್ದೇ ಆಗಬೇಕು. ಅದು ಧರ್ಮ. ಸೋಸಿದ ನೀರನ್ನು ಗಾಜಿನ ಲೋಟಕ್ಕೆ ಸುರಿದು, ಕಿಟಕಿಯ ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡುವುದು ಮಾತ್ರ ಯಾವ ಧರ್ಮದಲ್ಲೂ ಇಲ್ಲ. ಅದು ಅಕ್ಕೋರು.

ಬಾಗಿಲಿಗೆ ಬೀಗ ಹಾಕಿ ಮೂರು ಸಲ ಜಗ್ಗುತ್ತಿದ್ದರು. ಶಾಲೆಯ ಪ್ರವಾಸ ಹೊರಟರೆ ಬಸ್ಸಿನಲ್ಲಿ ಮಕ್ಕಳನ್ನು ಮುಂದಿನಿಂದ ಒಮ್ಮೆ, ಹಿಂದಿನಿಂದ ಒಮ್ಮೆ ಎಣಿಸಿ, ಎರಡೂ ಸರಿ ಬಂದ ಮೇಲೆ ನಿದ್ದೆಗೆ ಜಾರಿದ್ದ ನನ್ನನ್ನು ಎಬ್ಬಿಸುತ್ತಿದ್ದರು.

"ಸರ, ಏಳ್ರಿ. ನೀವೊಮ್ಮೆ ಎಣಸ್ರಿ."

"ನೀವು ಗಣಿತದವರು ಎಣಿಸಿದ್ದು ಸಾಕಾಗೂದಿಲ್ಲೇನ್ರಿ ಅಕ್ಕೋರ? ನಾ ಕನ್ನಡದಾಂವ, ಇದ್ದವರನ್ನೂ ತಪ್ಪಸ್ತೇನಿ."

"ಅದಕ್ಕ ಎಣಸ್ರಿ ಅಂದೆ. ನಾ ನೋಡಲಾರದ್ದು ನಿಮಗ ಕಂಡೀತು."

ಸ್ಟಾಫ್ ರೂಮಿನಲ್ಲಿ ನಾವು ಅವರನ್ನು ಆಡಿಕೊಂಡು ನಗುತ್ತಿದ್ದೆವು. ಸಣ್ಣವರಿದ್ದಾಗ ಏನಾದರೂ ಆಗಿತ್ತೇ ಎಂದು ಒಮ್ಮೆ ನಾನೇ ಧೈರ್ಯ ಮಾಡಿ ಕೇಳಿದೆ. ಅವರು ಪೆನ್ನಿನ ಟೋಪಿ ಮುಚ್ಚುತ್ತ, "ಹೊಳಿ ದಂಡಿಗೆ ಹುಟ್ಟಿದವರಿಗೆ ಬ್ಯಾರೆ ಕಾರಣ ಬೇಕೇನ್ರಿ?" ಅಂದರು. ಮುಚ್ಚಿದ ಟೋಪಿ ಗಟ್ಟಿಯಾಗಿದೆಯೇ ಎಂದು ಮತ್ತೊಮ್ಮೆ ಒತ್ತಿ ನೋಡಿದರು.

ಒಂದು ಮಳೆಗಾಲದಲ್ಲಿ ಮೇಲಿನ ಅಣೆಕಟ್ಟು ಒಡೆಯಿತೆಂದು ಯಾರೋ ಮೊಬೈಲಿನಲ್ಲಿ ಸುಳ್ಳು ಸುದ್ದಿ ಹರಿಬಿಟ್ಟರು. ಅರ್ಧ ಊರು ದನ ಬಿಚ್ಚಿಕೊಂಡು ಓಡಿತು. ಆ ಗದ್ದಲದಲ್ಲಿ ಒಬ್ಬ ಮುದುಕಿ ಬಿದ್ದು ಸೊಂಟ ಮುರಿದುಕೊಂಡಳು. ಅಕ್ಕೋರಿಗೆ ಅವತ್ತು ಬಂದ ಸಿಟ್ಟನ್ನು ನಾನು ಮತ್ತೆಂದೂ ನೋಡಲಿಲ್ಲ. "ನೋಡಲಾರದ ಬರದಾಂವನ ಕೈ ಸೇದಿ ಹೋಗಲಿ" ಎಂದರು. ಇರುವೆ ತುಳಿಯಲಾರದವರ ಬಾಯಲ್ಲಿ ಅಂಥ ಶಾಪ ಕೇಳಿ ನನಗೆ ನಗು ಬಂತು. ಅದಾದ ವಾರದಲ್ಲೇ ಅವರು ಒಂದು ಬ್ಲಾಗು ತೆರೆದರು. ಹೆಸರು 'ಹೊಳೆ ಸುದ್ದಿ'.

ನಮ್ಮಲ್ಲಿ ಹೊಳೆಯನ್ನು ಅಡಿಯ ಲೆಕ್ಕದಲ್ಲಿ ಅಳೆಯುವುದಿಲ್ಲ. ಘಾಟಿನಲ್ಲಿ ಇನ್ನೆಷ್ಟು ಮೆಟ್ಟಿಲು ಒಣಗಿವೆ ಎಂದು ಎಣಿಸುತ್ತೇವೆ. ಆರು ಉಳಿದವೆಂದರೆ ಬಾಂದಾರದ ಮೇಲೆ ನೀರು ಹತ್ತಿತೆಂದು ಲೆಕ್ಕ. ಬಾಂದಾರವೆಂದರೆ ನೀರು ತಡೆಯಲು ಹೊಳೆಗೆ ಅಡ್ಡ ಕಟ್ಟಿದ ಗಿಡ್ಡ ಒಡ್ಡು. ಅದರ ಮೇಲೆಯೇ ಆಚೆ ದಂಡೆಗೆ ನಮ್ಮ ದಾರಿ. ಪಾದ ತೋಯುವಷ್ಟು ನೀರಿದ್ದರೆ ಜನ ಚಪ್ಪಲಿ ಕೈಯಲ್ಲಿ ಹಿಡಿದು ದಾಟುತ್ತಾರೆ. ಬಂದ್ ಆಯಿತೆಂದು ಯಾರಾದರೂ ಹೇಳುವವರೆಗೂ ದಾಟುತ್ತಲೇ ಇರುತ್ತಾರೆ. ಹೇಳುವವರು ಬೇಕಲ್ಲ, ಆ ಕೆಲಸ ಅಕ್ಕೋರು ಹಿಡಿದರು. ಮಳೆಗಾಲದ ಪ್ರತಿ ಮುಂಜಾನೆ ಘಾಟಿಗೆ ಹೋಗಿ, ಎಣಿಸಿ, ಮನೆಗೆ ಬಂದು ಮೂರು ಸಾಲು ಬರೆಯುತ್ತಿದ್ದರು. ಒಣ ಮೆಟ್ಟಿಲು ಎಷ್ಟು. ಬಾಂದಾರ ದಾಟಬಹುದೋ ಇಲ್ಲವೋ. ಮೂರನೆಯದು, ಕಣ್ಣಾರೆ ನೋಡಿದವರು ಯಾರು. ಕೆಲವೇ ದಿನಗಳಲ್ಲಿ ಹಾಲು ಹಾಕುವವರು, ಆಚೆ ದಂಡೆಯ ತೋಟಕ್ಕೆ ಕೆಲಸಕ್ಕೆ ಹೋಗುವವರು, ಜುಗೂಳದ ಕಡೆಯ ಬೀಗರು ಎಲ್ಲರೂ ಎದ್ದ ಕೂಡಲೇ ಅದನ್ನು ನೋಡುವ ರೂಢಿಯಾಯಿತು.

ಹಿಂದೆ ಸರಕಾರ ಶಾಲೆಗೆ ಕಂಪ್ಯೂಟರು ಕೊಟ್ಟಾಗ ನಾವಿಬ್ಬರೂ ಚಿಕ್ಕೋಡಿಗೆ ತರಬೇತಿಗೆ ಹೋಗಿದ್ದೆವು. ನಾನು ಅಲ್ಲಿಂದ ಶೇಂಗಾ ಹೋಳಿಗೆಯ ನೆನಪು ತಂದೆ. ಅವರು ನೋಟುಬುಕ್ಕಿನ ತುಂಬ ಕಂಪ್ಯೂಟರಿಗೆ ಕೊಡುವ ಆಜ್ಞೆಗಳನ್ನು ಬರೆದುಕೊಂಡು ಬಂದರು. ಆ ಬ್ಲಾಗಿಗೆ ದಿನಕ್ಕೊಂದು ಹೊಸ ಫೈಲು ಮಾಡಬೇಕಿತ್ತು. ಫೈಲಿನ ಹೆಸರಿನಲ್ಲಿ ವರ್ಷ, ತಿಂಗಳು, ದಿನ, ಒಳಗೆ ತಲೆಬರಹ, ಕೆಳಗೆ ಆ ಮೂರು ಸಾಲು. ಒಂದು ದಿನ ಅವರು ತಿಂಗಳ ಅಂಕಿ ತಪ್ಪಾಗಿ ಹಾಕಿದ್ದರಿಂದ ಆ ದಿನದ ಸುದ್ದಿ ಹಳೆಯ ಸುದ್ದಿಗಳ ಅಡಿಗೆ ಹೋಗಿ ಕೂತಿತು. ಮಧ್ಯಾಹ್ನದವರೆಗೆ ಯಾರಿಗೂ ಕಾಣಲಿಲ್ಲ. ಅವರು ಅವತ್ತು ಊಟ ಬಿಟ್ಟರು. ಮರುದಿನ ನೋಟುಬುಕ್ಕು ತೆಗೆದು ಕೂತು ಒಂದು ಸಣ್ಣ ಶೆಲ್ ಸ್ಕ್ರಿಪ್ಟು ಬರೆದರು. ಹಾಗೆಂದರೆ ಕಂಪ್ಯೂಟರಿಗೆ ಒಂದರ ಕೆಳಗೊಂದು ಆಜ್ಞೆ ಬರೆದಿಟ್ಟ ಚೀಟಿ, ಅಷ್ಟೇ. ಅದನ್ನು ಓಡಿಸಿದರೆ ದಿನಾಂಕ ತಾನೇ ಹಾಕಿಕೊಂಡು, ತಲೆಬರಹ ಬರೆದುಕೊಂಡು, ಮೂರು ಖಾಲಿ ಸಾಲುಗಳ ಹೊಸ ಫೈಲು ಎದುರಿಗೆ ತೆರೆಯುತ್ತಿತ್ತು.

ಆದರೆ ಅದಕ್ಕೂ ಮೊದಲು ಅದು ಒಂದು ಪ್ರಶ್ನೆ ಕೇಳುತ್ತಿತ್ತು. 'ಘಾಟಿಗೆ ಹೋಗಿ ಬಂದ್ರೇನು?' ಹೌದು ಎಂದು ಒತ್ತದಿದ್ದರೆ ಅಲ್ಲಿಗೇ ನಿಂತುಬಿಡುತ್ತಿತ್ತು.

ಮೊದಲ ಸಲ ನೋಡಿದಾಗ ನನಗೆ ನಗು ತಡೆಯಲಾಗಲಿಲ್ಲ. "ಅಕ್ಕೋರ, ಬರದವರೂ ನೀವ, ಉತ್ತರಾ ಕೊಡವರೂ ನೀವ. ನಿಮ್ಮನ್ನ ನೀವ ಕೇಳಕೋತೀರೇನ್ರಿ?"

"ಹೌದ್ರಿ. ನಿದ್ದಿಗಣ್ಣಾಗ ನನ್ನ ಮ್ಯಾಲ ನನಗ ಭರೋಸಾ ಇಲ್ಲ."

"ನಿನ್ನಿ ಅಂಕಿನರ ಅದ ತುಂಬಲಿ. ಬದಲಾಗಿದ್ದರ ತಿದ್ದಿದ್ರಾತು."

ಅವರು ನನ್ನತ್ತ ತಿರುಗಿ, ತಪ್ಪು ಲೆಕ್ಕ ಮಾಡಿದ ಹುಡುಗನನ್ನು ನೋಡುವ ಹಾಗೆ ನೋಡಿದರು. "ನೋಡದ ಇದ್ದದ್ದು ಖಾಲೀನ ಕಾಣಬೇಕ್ರಿ ಸರ. ತುಂಬಿದಂಗ ಕಾಣಬಾರದು."

ನಿವೃತ್ತರಾದ ಮೇಲೆ ಅವರ ಮೊಣಕಾಲು ಹಿಡಿದುಕೊಂಡವು. ಘಾಟು ಇಳಿಯುವುದು ಆಗದಾಯಿತು. ಹೊಳೆ ಸುದ್ದಿ ನನ್ನ ಕೈಗೆ ಬಂತು. ಕೊಡುವ ಮುನ್ನ ಆ ಸ್ಕ್ರಿಪ್ಟನ್ನು ನನ್ನಿಂದ ಕೈಯಲ್ಲಿ ಬರೆಸಿ, ಒಂದೊಂದು ಸಾಲಿಗೂ ಅರ್ಥ ಹೇಳಿಸಿದರು. ಐವತ್ತರ ಹತ್ತಿರ ಬಂದ ನಾನು ಏಳನೇ ಇಯತ್ತೆಯ ಹುಡುಗನಂತೆ ಅವರ ಪಡಸಾಲೆಯಲ್ಲಿ ಕೂತು ಒಪ್ಪಿಸಿದೆ.

ಮೊದಲ ಮಳೆಗಾಲ ಶ್ರದ್ಧೆಯಿಂದ ಮಾಡಿದೆ. ಎರಡನೆಯದರಲ್ಲಿ ಬೇಸರ ಬಂತು. ಇವತ್ತು ಹನ್ನೊಂದು ಮೆಟ್ಟಿಲು, ನಾಳೆ ಹನ್ನೊಂದು, ನಾಡಿದ್ದೂ ಹನ್ನೊಂದು. ಅಷ್ಟು ಹೊತ್ತಿಗೆ ನನಗೂ ಆಜ್ಞೆಗಳು ಒಂದಿಷ್ಟು ತಿಳಿದಿದ್ದವು. ಅರ್ಧ ಕಲಿತವನ ಕೈಗೆ ಆಯುಧ ಸಿಕ್ಕರೆ ಸುಮ್ಮನಿರುತ್ತಾನೆಯೇ? ನಾನು ಅಕ್ಕೋರ ಸ್ಕ್ರಿಪ್ಟನ್ನು 'ಸುಧಾರಿಸಿದೆ'. ಪ್ರಶ್ನೆ ಕೇಳುವ ಸಾಲು ಅಳಿಸಿದೆ. ಖಾಲಿ ಫೈಲಿನ ಬದಲು ನಿನ್ನೆಯ ಫೈಲನ್ನೇ ನಕಲು ಮಾಡಿ ದಿನಾಂಕ ಮಾತ್ರ ಬದಲಿಸುವಂತೆ ಮಾಡಿದೆ. ಮೇಲಾಗಿ, ಪ್ರತಿ ಮುಂಜಾನೆ ಆರೂವರೆಗೆ ಅದು ತಾನೇ ಓಡಿ ತಾನೇ ಪ್ರಕಟಿಸುವಂತೆ ಸಮಯ ಕಟ್ಟಿದೆ. ನಾನು ಆರಾಮವಾಗಿ ಎದ್ದು, ಚಹಾ ಕುಡಿದು, ಘಾಟಿಗೆ ಹೋಗಿ ನೋಡಿ, ಬದಲಾಗಿದ್ದರೆ ತಿದ್ದಿದರಾಯಿತು ಎಂದು ನನ್ನ ಲೆಕ್ಕ. ನಕಲಾಗುವ ಮೂರು ಸಾಲಿನಲ್ಲಿ ಕೊನೆಯದೂ ಇತ್ತು. ಕಣ್ಣಾರೆ ನೋಡಿದವರು ಎಂಬಲ್ಲಿ ನನ್ನ ಹೆಸರು ದಿನವೂ ತಾನೇ ಬಂದು ಕೂರುತ್ತಿತ್ತು. ಅದು ನನ್ನ ಗಮನಕ್ಕೇ ಬರಲಿಲ್ಲ ಎಂದರೆ ನೀವು ನಂಬಬೇಕು.

ಜನ ಹೊಗಳಿದರು. "ಸರ, ನಿಮ್ಮ ಸುದ್ದಿ ಟೈಮ್ ಅಂದ್ರ ಟೈಮ್" ಎಂದು ಚಹಾದಂಗಡಿಯಲ್ಲಿ ಅಂದಾಗ ನಾನು ಎದೆಯುಬ್ಬಿಸಿ ನಡೆದೆ. ಅಕ್ಕೋರು ಮಾತ್ರ ಒಂದು ದಿನ ಬಸದಿಯ ಕಟ್ಟೆಯ ಮೇಲೆ ಕೂತವರು ನನ್ನನ್ನು ನಿಲ್ಲಿಸಿದರು.

"ದಿನಾ ಆರೂವರಿ ಅಂದ್ರ ಆರೂವರಿಗೇ ಬರತೈತ್ರಿ ಸುದ್ದಿ. ಒಂದ ನಿಮಿಷ ಹಿಂದಿಲ್ಲ ಮುಂದಿಲ್ಲ."

"ನಿಮ್ಮ ಶಿಸ್ತು ಅಕ್ಕೋರ" ಎಂದು ನಕ್ಕೆ.

ಅವರು ನಗಲಿಲ್ಲ. ಏನೋ ಕೇಳಲು ಬಾಯಿ ತೆರೆದು ಸುಮ್ಮನಾದರು. ನಾನು ಅವಸರದಲ್ಲಿದ್ದವನಂತೆ ಮುಂದೆ ನಡೆದೆ.

ಆ ವರ್ಷ ಶ್ರಾವಣದಲ್ಲಿ ಹೆಂಡತಿಯ ತವರಿಗೆಂದು ನಾವಿಬ್ಬರೂ ಚಿಕ್ಕೋಡಿಗೆ ಹೋದೆವು. ಮನೆಗೆ ಬೀಗ. ಒಳಗೆ ಕಂಪ್ಯೂಟರು ಚಾಲೂ. ಹೊರಡುವ ದಿನ ಮುಂಜಾನೆ ನಾನೇ ಘಾಟಿನಲ್ಲಿ ಎಣಿಸಿದ್ದೆ, ಎಂಟು ಮೆಟ್ಟಿಲಿದ್ದವು. ಊರ ಕಡೆ ಮಳೆಯೂ ಇರಲಿಲ್ಲ. ಮರುದಿನ ಶಾಲೆಗೆ ಮುಟ್ಟಬೇಕೆಂದು ಮುಂಜಾನೆಯೇ ನಾನೊಬ್ಬನೇ ಬಸ್ ಸ್ಟ್ಯಾಂಡಿಗೆ ಬಂದೆ. ಚಹಾ ಹೇಳಿ ನಿಂತಿದ್ದೆ. ಪಕ್ಕದಲ್ಲಿ ಇಬ್ಬರು ಸದಲಗಾದವರು ಮಾತಾಡುತ್ತಿದ್ದರು.

"ರಾತ್ರಿ ಮ್ಯಾಲಿಂದ ನೀರ ಬಿಟ್ಟಾರಂತ ಬೇ. ದೂಧಗಂಗಾ ಬಾಂದಾರ ಮುಳಗ್ಯಾವು. ಹೊಳಿ ದಂಡಿ ಮಂದಿ ಎಲ್ಲಾ ದನಾ ಹೊಡಕೊಂಡು ಹೊಂಟಾರ."

"ಕೃಷ್ಣಾಕ್ಕೂ ಬಂದಿರತೈತಿ ಹಂಗಾರ."

"ಬಂದಿರತೈತಿ ಅಂತ ಏನ ಕೇಳತಿ? ಬಂದ ಬಿಟ್ಟೈತಿ."

ಆಗ ನನ್ನ ಜೇಬಿನಲ್ಲಿ ಫೋನು ಸದ್ದು ಮಾಡಿತು. ತೆಗೆದು ನೋಡಿದೆ. ಹೊಳೆ ಸುದ್ದಿ. ಒಣ ಮೆಟ್ಟಿಲು: ಎಂಟು. ಬಾಂದಾರ: ದಾಟಬಹುದು. ಕಣ್ಣಾರೆ ನೋಡಿದವರು: ನಾನು.

ನಾನು ಚಿಕ್ಕೋಡಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತು, ನಾನು ಈಗ ತಾನೇ ಹೊಳೆ ನೋಡಿ ಬಂದೆನೆಂದು ಓದುತ್ತಿದ್ದೆ. ನನ್ನ ಹೆಸರಿನ ಇನ್ನೊಬ್ಬ ಯಾರೋ ಊರಲ್ಲಿ ಓಡಾಡಿಕೊಂಡಿದ್ದಾನೆ, ಜನರನ್ನು ನೀರಿಗೆ ಇಳಿಸುತ್ತಿದ್ದಾನೆ ಅನ್ನಿಸಿ ನಿಜವಾಗಿಯೂ ಹೆದರಿದೆ. ಅಳಿಸಬೇಕೆಂದರೆ ಮನೆಯ ಕಂಪ್ಯೂಟರಿನ ಮುಂದೆಯೇ ಕೂರಬೇಕು. ಫೋನಿನಿಂದ ಅಳಿಸುವ ದಾರಿಯನ್ನು ನಾನು ಮಾಡಿಕೊಂಡಿರಲಿಲ್ಲ. ಊರಿನ ಗುಂಪಿಗೆ 'ನಂಬಬೇಡಿ' ಎಂದು ಸಂದೇಶ ಹಾಕಿದೆ. ಸಂದೇಶದ ಪಕ್ಕ ಒಂದೇ ಟಿಕ್ ಬಿತ್ತು, ತಲುಪಿತೆಂದು ಹೇಳುವ ಎರಡನೆಯದು ಬೀಳಲಿಲ್ಲ. ಸುದ್ದಿ ಬಂದ ಬೆನ್ನಿಗೇ ಊರಿನ ಕಡೆ ನೆಟ್‌ವರ್ಕು ಹೋಗಿತ್ತು.

ಆರೂಮುಕ್ಕಾಲಿಗೆ ಬಾಂದಾರ ದಾಟುವವಳು ಕಸ್ತೂರವ್ವ. ಎರಡು ಎಮ್ಮೆಯ ಹಾಲಿನ ಕ್ಯಾನು ತಲೆಯ ಮೇಲೆ ಹೊತ್ತು ಆಚೆ ದಂಡೆಯ ಡೇರಿಗೆ ಹಾಕಿ ಬರುತ್ತಾಳೆ. ಅವಳಿಗೆ ಓದಲು ಬಾರದು, ಸೊಸೆ ಓದಿ ಹೇಳುತ್ತಾಳೆ. ಸೊಸೆಯ ಫೋನು ಹತ್ತಲಿಲ್ಲ. ಮತ್ತೆ ಮಾಡಿದೆ. ಮತ್ತೆ. ಕೊನೆಗೆ ಅಕ್ಕೋರ ಮನೆಯ ಹಳೆಯ ಲ್ಯಾಂಡ್‌ಲೈನಿಗೆ ಹಚ್ಚಿದೆ. ಎಲ್ಲರೂ ಕೀಳಿಸಿ ಬಿಸಾಡಿದ್ದರೂ ಅವರು ಅಂಜಿಕೆಗೆಂದು ಅದನ್ನು ಇಟ್ಟುಕೊಂಡಿದ್ದರು. ಒಂದೇ ರಿಂಗಿಗೆ ಎತ್ತಿದರು.

"ಅಕ್ಕೋರ, ಸುದ್ದಿ ತಪ್ಪ ಐತ್ರಿ. ಬಾಂದಾರ…"

"ನೀವು ಎಲ್ಲಿ ಅದೀರಿ?"

"ಚಿಕ್ಕೋಡಿ ಬಸ್ ಸ್ಟ್ಯಾಂಡಿನ್ಯಾಗ."

"ಹಂಗಾರ ಇಲ್ಲಿ ನೋಡಿದವರು ಯಾರ್ರಿ?" ಎಂದರು. ನಾನು ಉತ್ತರ ಕೊಡುವ ಮುಂಚೆ ಫೋನು ಇಟ್ಟರು.

ಆ ಬಸ್ಸಿನ ಪ್ರಯಾಣವನ್ನು ನಾನು ಮರೆಯಲಾರೆ. ಪ್ರತಿ ನಿಲ್ದಾಣದಲ್ಲೂ ಕಂಡಕ್ಟರ್ ಸೀಟಿ ಊದುವವರೆಗೆ ಜೀವ ಬಾಯಿಗೆ ಬರುತ್ತಿತ್ತು. ಅಂಕಲಿ ದಾಟಿ ಮಾಂಜರಿಯ ಸೇತುವೆಯ ಮೇಲೆ ಬಂದಾಗ ಕಿಟಕಿಯಿಂದ ಕೆಳಗೆ ನೋಡಿದೆ. ಕೆಂಪು ನೀರು, ದಂಡೆಯಿಂದ ದಂಡೆಗೆ. ಬೇರುಸಹಿತ ಒಂದು ಜಾಲಿ ಮರ ತಿರುಗುತ್ತ ಹೋಗುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡೆ. ಯಾವ ದೇವರಿಗೆ ಏನು ಹರಕೆ ಹೊತ್ತೆನೋ ನನಗೇ ನೆನಪಿಲ್ಲ. ಒಂದೇ ಮಾತು ಹೇಳುತ್ತಿದ್ದೆ, ಇವತ್ತೊಂದು ದಿನ ಅವಳಿಗೆ ಜ್ವರ ಬಂದಿರಲಿ, ಎಮ್ಮೆ ಹಾಲು ಕೊಡದಿರಲಿ.

ಎಮ್ಮೆ ಹಾಲು ಕೊಟ್ಟಿತ್ತು. ಕಸ್ತೂರವ್ವ ಹೊರಟಿದ್ದಳು. ಬಾಂದಾರದ ಮೇಲೆ ನೀರು ಕಂಡು ಒಂದು ಕ್ಷಣ ನಿಂತಳಂತೆ, ಆಮೇಲೆ ಇಳಿದಳಂತೆ. ನಡುವೆ ಹೋಗುವಷ್ಟರಲ್ಲಿ ಸೆಳೆತ ಕಾಲು ಕಿತ್ತಿತು. ಕ್ಯಾನು ಹೋಯಿತು. ಅವಳು ಅಂಚಿನ ಗೂಟಗಲ್ಲೊಂದನ್ನು ತಬ್ಬಿಕೊಂಡಳು. ಇತ್ತ ಅವಳು ದಾಟುವ ಹೊತ್ತು ಗೊತ್ತಿದ್ದ ಅಕ್ಕೋರು ಆ ಮೊಣಕಾಲಿನಲ್ಲಿ ಓಡಿ, ಓಡಿದರೆಂದೇ ನೋಡಿದವರು ಹೇಳಿದರು, ಬಸದಿಯ ಮೈಕು ಹಚ್ಚಿಸಿ 'ಬಾಂದಾರ ಬಂದ್, ಹಗ್ಗಾ ತಗೊಂಡು ಬರ್ರಿ' ಎಂದು ಕೂಗಿದ್ದರು. ಜನ ಹಗ್ಗ ಹಿಡಿದು ಹೋಗುವಷ್ಟರಲ್ಲಿ ನೀರು ಅವಳ ಎದೆಗೆ ಬಂದಿತ್ತು.

ನಾನು ಊರು ಮುಟ್ಟಿದಾಗ ಅವಳನ್ನು ದಂಡೆಯ ಮೇಲೆ ಗೋಣಿಚೀಲ ಹೊದಿಸಿ ಕೂರಿಸಿದ್ದರು. ಎಡಗೈ ಮುರಿದು ಜೋತುಬಿದ್ದಿತ್ತು. ಹಲ್ಲು ಕಟಕಟ ಅನ್ನುತ್ತಿದ್ದವು. ಬೈಯುತ್ತಾಳೆ, ಬೈದರೆ ಸಾಕು ಎಂದುಕೊಂಡು ಎದುರಿಗೆ ಕೂತೆ. ಅವಳು ನನ್ನ ಮುಖ ನೋಡಿ ಹೇಳಿದಳು:

"ನೀರ ನೋಡಿ ಎದಿ ಧಸಕ್ಕಂತ್ರಿ ಸರ. ಹೊಳ್ಳಿ ಹೋಗೂನು ಅಂದ್ನಿ. ಆದ್ರ ನೀವು ನೋಡೀರಿ ಅಂತ ಸೊಸಿ ಓದಿದ್ಳಲ್ರಿ, ಅದಕ್ಕ ಧೈರ್ಯಾ ಮಾಡಿದ್ನಿ."

ಅಕ್ಕೋರು ಸ್ವಲ್ಪ ದೂರದಲ್ಲಿ ಕಲ್ಲಿನ ಮೇಲೆ ಕೂತು ಮೊಣಕಾಲು ಹಿಡಿದುಕೊಂಡಿದ್ದರು. ಅವರೂ ಅದನ್ನು ಕೇಳಿಸಿಕೊಂಡರು.

ಮರುದಿನ ಕೋಲೂರಿಕೊಂಡು ನನ್ನ ಮನೆಗೆ ಬಂದರು. ಇಡೀ ಸ್ಕ್ರಿಪ್ಟನ್ನು ಜೋರಾಗಿ ಓದಿಸಿದರು. ನನ್ನ ಸುಧಾರಣೆಗಳನ್ನೂ ನಾನೇ ಓದಿದೆ. ಅಳಿಸಿ ಹಳೆಯದನ್ನೇ ಇಟ್ಟೆ. ಇನ್ನು ಜನರಿಗೆ ತಪ್ಪು ಒಪ್ಪಿ ಬರೆಯಬೇಕಿತ್ತು. 'ತಾಂತ್ರಿಕ ದೋಷದಿಂದ ತಪ್ಪು ಸುದ್ದಿ ಪ್ರಕಟವಾಗಿದ್ದು' ಎಂದು ಶುರು ಮಾಡಿದೆ. ಅವರು ಕೋಲಿನಿಂದ ಮೇಜು ತಟ್ಟಿದರು.

"ತಾಂತ್ರಿಕ ಅನ್ನಾಂವ ಯಾವ ಊರಾಂವ್ರಿ? ಮೆಟ್ಟಲಾ ಎಣಸಾಕ ಬಂದಿದ್ನೇನು?"

"ಅಕ್ಕೋರ, ಊರಾಗ ಹೆಂಗ ಮುಖಾ ತೋರಸ್ಲಿ?"

"ಅಂಜಿಕಿ ಬರತೈತಿ?"

"ಬರತೈತ್ರಿ."

"ಬರಲಿ. ಬರೀರಿ."

'ನಿನ್ನೆಯ ಸುದ್ದಿಯನ್ನು ನಾನು ನೋಡದೆ ಹಾಕಿದೆ' ಎಂದು ಬರೆದು ಕೆಳಗೆ ನನ್ನ ಹೆಸರು ಹಾಕಿದೆ. ಅವರು ಎದ್ದರು, ಬಾಗಿಲಲ್ಲಿ ನಿಂತರು. "ನಂದೂ ತಪ್ಪೈತ್ರಿ ಸರ. ಆರೂವರಿ ನೋಡಿ ನನಗ ಗೊತ್ತಾಗಿತ್ತು. ಕೇಳಿದ್ರ ನಿಮಗ ಬ್ಯಾಸರಾದೀತು ಅಂತ ಅಂಜಿ ಸುಮ್ಮನಾದ್ನಿ. ಎಲ್ಲಿ ಅಂಜಬೇಕು ಅನ್ನೂದು ನನಗೂ ತಿಳೀಲಿಲ್ಲ." ಹಾಗೆಂದು ಕಣ್ಣೊರೆಸಿಕೊಂಡರು. ಕಸ್ತೂರವ್ವನ ಕೈ ಕೂಡಿತು, ಆದರೆ ಸರಿಯಾಗಿ ಕೂಡಲಿಲ್ಲ. ಇವತ್ತಿಗೂ ಅವಳು ಕ್ಯಾನನ್ನು ತಲೆಗೆ ಎತ್ತಲಾರಳು, ಸೊಸೆ ಹೋಗುತ್ತಾಳೆ. ಎದುರಿಗೆ ಸಿಕ್ಕಾಗ ನಮಸ್ಕಾರ ಮಾಡುತ್ತಾಳೆ, ನನಗೆ ತಲೆ ಎತ್ತಲಾಗುವುದಿಲ್ಲ.

ಅಕ್ಕೋರು ಈ ಬೇಸಿಗೆಯಲ್ಲಿ ಹಾಸಿಗೆ ಹಿಡಿದರು. ಹೊಟ್ಟೆನೋವು ಎಂದು ಮಿರಜದ ಆಸ್ಪತ್ರೆಗೆ ಒಯ್ದೆವು. ಡಾಕ್ಟರು ಅವರ ತಂಗಿಯನ್ನೂ ನನ್ನನ್ನೂ ಹೊರಗೆ ಕರೆದು, ಸ್ಕ್ಯಾನಿನ ಚಿತ್ರಗಳನ್ನು ಬೆಳಕಿಗೆ ಹಿಡಿದು ತೋರಿಸಿ, ಇನ್ನು ವಾರಗಳ ಲೆಕ್ಕ ಎಂದರು. ತಂಗಿ ಆಸ್ಪತ್ರೆಯ ಪಡಸಾಲೆಯಲ್ಲೇ ನನ್ನ ಕೈ ಹಿಡಿದುಕೊಂಡಳು.

"ಸರ, ಅಕ್ಕನ ಮುಂದ ಏನೂ ಹೇಳಬ್ಯಾಡ್ರಿ. ಮೊದಲ ಅಂಜೂ ಜೀವ. ಅಂಜಿಕೀಲೇ ಇವತ್ತ ಹೋದಾಳು."

ನಾನು ತಲೆಯಾಡಿಸಿದೆ. ಬಂದವರೆಲ್ಲ ಪಿತ್ತ ಆಗಿದೆ, ನಾಲ್ಕು ದಿನದಲ್ಲಿ ಮನೆಗೆ ಹೋಗಬಹುದು ಎಂದೇ ಹೇಳುತ್ತಿದ್ದರು. ಅಕ್ಕೋರು ಎಲ್ಲರಿಗೂ ಹೂಂ ಅನ್ನುತ್ತಿದ್ದರು. ಮಧ್ಯಾಹ್ನ ತಂಗಿ ಔಷಧಕ್ಕೆಂದು ಕೆಳಗಿಳಿದಾಗ ಅವರು ನನ್ನ ಕಡೆ ಹೊರಳಿದರು.

"ಸರ, ಡಾಕ್ಟರ್ ನಿಮ್ಮನ್ನ ಹೊರಗ ಕರದಿದ್ರಲ್ಲ. ಏನ ತೋರಿಸಿದ್ರು?"

ಬಸ್ ಸ್ಟ್ಯಾಂಡಿನಲ್ಲಿ ಕೂಡ ನಾನು ಅಷ್ಟು ಅಂಜಿರಲಿಲ್ಲ. ಪಿತ್ತ ಎನ್ನುವ ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿ ಕೂತಿತ್ತು. ಅದನ್ನಾಡಿದರೆ ಅವರು ನಂಬುತ್ತಿದ್ದರು, ಅದೇ ನನಗೆ ಭಯವಾದದ್ದು. ಇನ್ನೊಂದನ್ನು ಆಡಿದರೆ ಏನಾಗುತ್ತದೋ ತಿಳಿಯದು. ತಂಗಿ ಯಾವ ಕ್ಷಣದಲ್ಲಾದರೂ ಬರಬಹುದಿತ್ತು. ನಾನು ಕುರ್ಚಿ ಮುಂದೆ ಎಳೆದುಕೊಂಡು, ಡಾಕ್ಟರು ತೋರಿಸಿದ್ದನ್ನೂ ಹೇಳಿದ್ದನ್ನೂ ಒಂದೂ ಬಿಡದೆ ಹೇಳಿದೆ.

ಅವರು ಮಾಡಿನ ಪಂಖಾ ನೋಡುತ್ತ ಮಲಗಿದ್ದರು. ಕಣ್ಣಿನ ಬದಿಯಿಂದ ನೀರು ಕಿವಿಗೆ ಇಳಿಯಿತು.

"ತಂಗೀಗೆ ಬೈಬ್ಯಾಡ್ರಿ" ಎಂದರು. "ಮನೀಗೆ ಹೋಗೂನು. ನಾಳೇನ ಹೋಗೂನು" ಎಂದರು. ಆಮೇಲೆ ಸಣ್ಣ ದನಿಯಲ್ಲಿ, "ಭಾಳ ಅಂಜಿಕಿ ಬರಾಕತ್ತೈತ್ರಿ ಸರ."

"ನನಗೂ ಬರಾಕತ್ತೈತ್ರಿ ಅಕ್ಕೋರ" ಎಂದೆ.

ಅವರು ಕಷ್ಟಪಟ್ಟು ಕಾಲು ಸರಿಸಿ ಹಾಸಿಗೆಯ ಮೇಲೆ ಜಾಗ ಮಾಡಿದರು. "ಹಂಗಾರ ಇಲ್ಲೆ ಕುಂದರ್ರಿ" ಎಂದರು. ನಾನು ಹೋಗಿ ಕೂತೆ.